ಮಾಸಾಯಿ ಮಾರಾ: ಜೂನ್‌ಗೊಂದು ದರ, ಜುಲೈಗೊಂದು ದರ ಏಕೆ?

ಕೀನ್ಯಾದ ವನ್ಯಜೀವಿ ಮೀಸಲು ಪ್ರದೇಶವಾದ ಮಾಸಾಯಿ ಮಾರಾಕ್ಕೆ ಜೂನ್ ಕೊನೆಯ ಪ್ರವಾಸಕ್ಕೆಂದು ಹೇಳಿದ್ದ ಸಫಾರಿ ದರವನ್ನು ಏಜೆಂಟರು ಜುಲೈ ಪ್ರವಾಸಕ್ಕೆ ಏರಿಸಿ ಹೇಳುವುದಕ್ಕೆ ಬಹುತೇಕ ಪ್ರವೇಶ ಶುಲ್ಕವೇ ಕಾರಣ: 2024ರ ಪರಿಷ್ಕರಣೆಯಂತೆ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್ ಇರುವುದು ಜುಲೈನಿಂದ ಡಿಸೆಂಬರ್‌ವರೆಗೆ 200 ಆಗುತ್ತದೆ. ಮೊದಲು ಶುಲ್ಕ, ವಸತಿ, ವಾಹನಗಳ ವೆಚ್ಚವನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಬಳಿಕ ನೀವು ತಂಗುವ ಜಾಗ ಮೀಸಲು ಪ್ರದೇಶದ ಒಳಗಿದೆಯೋ ಹೊರಗಿದೆಯೋ ಖಚಿತಪಡಿಸಿಕೊಳ್ಳಿ. ಟಿಕೆಟ್ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ ಸಲ್ಲುವುದರಿಂದ, ಹೊರಗೆ ತಂಗಿ ಮರುದಿನ ಮತ್ತೆ ಗೇಟು ದಾಟಿದರೆ ಹೊಸದಾಗಿ ಹಣ ಕಟ್ಟಬೇಕಾಗುತ್ತದೆ. ಸುತ್ತಲಿನ ಕನ್ಸರ್ವೆನ್ಸಿಗಳ (ಸ್ಥಳೀಯರ ಜಮೀನು ಗುತ್ತಿಗೆ ಪಡೆದು ನಡೆಸುವ ವನ್ಯಜೀವಿ ಪ್ರದೇಶಗಳ) ಶುಲ್ಕ ಪ್ರತ್ಯೇಕ. ಜಮೀನನ್ನು ಗುತ್ತಿಗೆ ಕೊಟ್ಟಿರುವ ಮಾಸಾಯಿ ಕುಟುಂಬಗಳಿಗೆ ಬಾಡಿಗೆ ಹೋಗುವುದು ಪ್ರವಾಸಿಗರ ಈ ಹಣದಿಂದಲೇ ಆದ್ದರಿಂದ ಅದರಲ್ಲಿ ಚೌಕಾಸಿ ಬೇಡ. ನಿಮ್ಮ ದರದಲ್ಲಿ ಈ ಶುಲ್ಕ ಸೇರಿದೆಯೇ ಎಂಬುದು ವೆಚ್ಚದ ಬಿಡಿ ವಿವರ ಕೈಗೆ ಬಂದ ಮೇಲಷ್ಟೇ ತಿಳಿದೀತು. ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ಹಿಂಡು ಮಾರಾ ನದಿ ದಾಟುವುದನ್ನು ನೋಡಲೇಬೇಕೆಂದಿಲ್ಲದಿದ್ದರೆ, ಜೂನ್ 30ರೊಳಗೆ ಪ್ರವಾಸ ಮುಗಿಯುವಂತೆ ದಿನಾಂಕ ಬದಲಿಸಿಕೊಳ್ಳಿ.