ಕುಮಾರ ಪರ್ವತವನ್ನು ಯಾವ ಕಡೆಯಿಂದ ಹತ್ತುವುದು?

ಪ್ರಶ್ನೆ: ನನಗೆ ನಲವತ್ತೆಂಟು ವರ್ಷ, ದಿನವೂ ಐದು ಕಿಲೋಮೀಟರ್ ನಡೆಯುವ ರೂಢಿಯಿದೆ. ಕುಮಾರ ಪರ್ವತಕ್ಕೆ ಸುಬ್ರಹ್ಮಣ್ಯದಿಂದ ಹೊರಡುವುದು ಒಳ್ಳೆಯದೇ ಅಥವಾ ಸೋಮವಾರಪೇಟೆಯ ಕಡೆಯಿಂದಲೇ?
– ಓದುಗರೊಬ್ಬರು, ಹಾಸನ

ಉತ್ತರ: ಶಿಖರದ ಎತ್ತರ 1,712 ಮೀಟರ್. ಸುಬ್ರಹ್ಮಣ್ಯವು ಘಟ್ಟದ ಬುಡದಲ್ಲಿರುವುದರಿಂದ ಅಲ್ಲಿಂದ ಹೊರಟವರು ಸುಮಾರು 1,500 ಮೀಟರಿಗೂ ಹೆಚ್ಚು ಏರಬೇಕಾಗುತ್ತದೆ. ಸೋಮವಾರಪೇಟೆಯ ಕಡೆಯಿಂದ ಬಂದರೆ ಹತ್ತಲು ಶುರುಮಾಡುವ ಊರು ಬೀದಹಳ್ಳಿ; ಅದು ಎತ್ತರದಲ್ಲಿರುವುದರಿಂದ ದಾರಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಸಮತಟ್ಟಿನ ಐದು ಕಿಲೋಮೀಟರ್ ನಡಿಗೆಯನ್ನು ನಂಬಿ ಸುಬ್ರಹ್ಮಣ್ಯದಿಂದ ಹೊರಡಬೇಡಿ. ಮೊದಲ ಸಲಕ್ಕೆ ಬೀದಹಳ್ಳಿಯೇ ಲೇಸು.

ಆದರೂ ಚೆಲುವಿನ ಮಾತು ಬಂದರೆ ನನ್ನ ಒಲವು ಸುಬ್ರಹ್ಮಣ್ಯದ ದಾರಿಗೇ. ಬೇರುಗಳೇ ಮೆಟ್ಟಿಲಾಗಿರುವ ದಟ್ಟ ಕಾಡಿನಲ್ಲಿ ಗಿರಿಗದ್ದೆಯ ಭಟ್ಟರ ಮನೆಯವರೆಗೆ ಏರಿ, ಅಲ್ಲಿಂದ ಮುಂದೆ ನೆರಳೇ ಇಲ್ಲದ ಹುಲ್ಲುಗಾವಲಿನ ಏಣಿನಲ್ಲಿ ನಡೆದು, ಕಲ್ಲುಮಂಟಪ ದಾಟಿ ಶೇಷಪರ್ವತವನ್ನು ಮುಟ್ಟಿದಾಗ ‘ಇದೇ ತುದಿ’ ಎಂದುಕೊಂಡವರು ಬಹಳ. ದಾರಿ ಅಲ್ಲಿಂದ ಮತ್ತೆ ಬೆಟ್ಟದ ಮಡಿಲಿನ ಗಿಡ್ಡ ಮರಗಳ ಶೋಲಾ ಕಾಡಿಗೆ ಇಳಿದು, ನೀರು ಒಸರುವ ಬಂಡೆಯ ಮೇಲೆ ಏರುತ್ತದೆ. ಸವೆದ ಅಟ್ಟೆಯ ಬೂಟು ಇಲ್ಲಿ ಕೈಕೊಡುತ್ತದೆ.

ಈ ಪ್ರದೇಶ ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿರುವುದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಪಡೆಯಬೇಕು. ಮಳೆಗಾಲದಲ್ಲಿ ಜಿಗಣೆ, ಜಾರುವ ಬಂಡೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿಯ ಭಯ. ಮಳೆ ನಿಂತ ಮೇಲಿನ ಚಳಿಗಾಲವೇ ಸರಿಯಾದ ಹೊತ್ತು. ತಲೆಗೆ ಮೂರು ಲೀಟರ್ ನೀರು ಇರಲಿ. ಬೀದಹಳ್ಳಿಯಿಂದ ಹೋಗುವುದಾದರೆ ಮಲ್ಲಳ್ಳಿ ಜಲಪಾತ ಸಮೀಪವೇ ಇದೆ. ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ, ಇಳಿದ ದಿನ ಮಂಡಿ ಒಪ್ಪುವುದಿಲ್ಲ.