ಅಮ್ಮನ ಅಂಗಾಲು ಉರಿಗೆ ಆಲ್ಫಾ ಲಿಪೊಯಿಕ್ ಆಸಿಡ್

ಸಕ್ಕರೆ ಕಾಯಿಲೆಯ ಅಂಗಾಲು ಉರಿಗೆ ಅಮ್ಮ ಪ್ರಿಗ್ಯಾಬಲಿನ್ (ನರದ ನೋವಿನ ಔಷಧಿ) ತೆಗೆದುಕೊಳ್ಳುತ್ತಿದ್ದಾರೆ, ಜೊತೆಗೆ ನರಕ್ಕೆ ಒಳ್ಳೆಯದೆಂದು ಮಾರುವ ಆಲ್ಫಾ ಲಿಪೊಯಿಕ್ ಆಸಿಡ್ ಮಾತ್ರೆ ಕೊಡಬಹುದಾ ಅಂತ ಕೇಳಿದ್ದೀರಿ. ಉಡುಪಿಯಲ್ಲಿರುವ ನನ್ನ ಅಪ್ಪನಿಗೂ ಇದೇ ತೊಂದರೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಈ ಆಸಿಡ್ ಬಗ್ಗೆ 2006ರಲ್ಲಿ ಬಂದ ‘ಸಿಡ್ನಿ 2’ ಎಂಬ ಹೆಸರಿನ ಅಧ್ಯಯನದಲ್ಲಿ ದಿನಕ್ಕೆ 600 ಮಿಲಿಗ್ರಾಂ ತೆಗೆದುಕೊಂಡವರಿಗೆ 5 ವಾರದಲ್ಲಿ ಉರಿ, ನೋವು ಇಳಿದಿತ್ತು. ಡೋಸ್ ಏರಿಸಿದಾಗ ವಾಕರಿಕೆ ಜಾಸ್ತಿಯಾಯಿತು, ಲಾಭ ಹೆಚ್ಚಲಿಲ್ಲ. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2024ರ ವಿಮರ್ಶೆ, 6 ತಿಂಗಳ ಲೆಕ್ಕ ನೋಡಿ, ಬಹುಶಃ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ ಎಂದಿತು. ಹಾಗಾಗಿ ಡಾಕ್ಟರನ್ನು ಕೇಳಿ ಸ್ವಲ್ಪ ದಿನ ಕೊಟ್ಟು ನೋಡಬಹುದು. ಗುಣ ಕಾಣದಿದ್ದರೆ ಸುಮ್ನೆ ದುಡ್ಡು ಹಾಕಬೇಡಿ. ಪ್ರಿಗ್ಯಾಬಲಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅಮ್ಮ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಾರಾ? ವರ್ಷಗಟ್ಟಲೆ ತೆಗೆದುಕೊಂಡರೆ ಮೈಯಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಆಗಲೂ ಕಾಲು ಜೋಮು ಹಿಡಿಯುತ್ತದೆ, ಉರಿಯುತ್ತದೆ. ಮೀನು, ಮಾಂಸ ತಿನ್ನದ ಮನೆಯಾದರೆ ಇನ್ನೂ ಜಾಸ್ತಿ ಗಮನ ಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ನರದ ಮಾತ್ರೆಗಳಲ್ಲಿ ಬಿ12 ಸೇರಿಯೇ ಇರುತ್ತದೆ ಅಲ್ವಾ, ಅದನ್ನು ತಿಂದ ಮೇಲೆ ಪರೀಕ್ಷಿಸಿದರೆ ಕೊರತೆ ಕಾಣದೇ ಹೋಗಬಹುದು. ಅದಕ್ಕೇ ಮಾತ್ರೆ ಶುರುಮಾಡುವ ಮೊದಲೇ ಬಿ12 ರಕ್ತ ಪರೀಕ್ಷೆ ಮಾಡಿಸಿ.

ರಥಬೀದಿಗೆ ಹೋದಾಗ ಮಧ್ಯಾಹ್ನದ ಬಿಸಿಲಲ್ಲಿ ಅಮ್ಮನನ್ನು ಬರಿಗಾಲಲ್ಲಿ ನಡೆಸಬೇಡಿ. ನರದ ತೊಂದರೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿ, ಸುಟ್ಟರೂ ಅವರಿಗೆ ಗೊತ್ತಾಗದೇ ಇರಬಹುದು.