ಗುಂಟೆ ಹೊಂಡದ ಪಾಚಿಯಿಂದ ಡೀಸೆಲ್ ಬಂದೀತೇ?

ಪ್ರಶ್ನೆ: ಒಂದು ಗುಂಟೆಯಲ್ಲಿ ಪಾಚಿ ಬೆಳೆದು ಪಂಪ್‌ಸೆಟ್ಟಿಗೆ ಬೇಕಾದ ಡೀಸೆಲ್ ತೆಗೆಯಬಹುದೇ? ಬೋರ್‌ವೆಲ್ ನೀರು ಗಡಸು. — ಓದುಗರು, ಮುಂಡರಗಿ

ಉತ್ತರ: ಪಾಚಿ ಬೆಳೆಯುತ್ತದೆ, ಡೀಸೆಲ್ ಲೆಕ್ಕ ಮಾತ್ರ ಕೂಡುವುದಿಲ್ಲ. ಗುಂಟೆ ಎಂದರೆ ಸುಮಾರು 100 ಚದರ ಮೀಟರ್. 20 ಸೆಂ.ಮೀ. ನೀರು ನಿಲ್ಲಿಸಿದರೆ 20,000 ಲೀಟರ್. ಚೆನ್ನಾಗಿ ನೋಡಿಕೊಂಡ ತೆರೆದ ಹೊಂಡದಲ್ಲಿ ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ಎಂದು ಹಿಡಿದರೆ ಒಟ್ಟು 1 ಕಿಲೋ ಒಣ ಪಾಚಿ. ಎಣ್ಣೆ ಶೇ. 20 ಇದ್ದರೆ 200 ಗ್ರಾಂ. ನೀರಿನಲ್ಲಿ ಪಾಚಿ ಲೀಟರಿಗೆ ಅರ್ಧ ಗ್ರಾಂ ಇದ್ದರೆ ಆ ಒಂದು ಕಿಲೋಗೆ 2,000 ಲೀಟರ್ ಸೋಸಬೇಕು. ಎಣ್ಣೆ ಕೊಡುವ ಕ್ಲೋರೆಲ್ಲಾದಂಥ ಜಾತಿಗಳು ಕೆಲವೇ ಮೈಕ್ರಾನ್ ಗಾತ್ರದವು, ಬಟ್ಟೆಯಲ್ಲಿ ನಿಲ್ಲುವುದಿಲ್ಲ, ಜೋರಾಗಿ ತಿರುಗಿಸಿ ನೀರು ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರ ಬೇಕು. ಅದರಿಂದ ಬಂದ ಮುದ್ದೆಯಲ್ಲಿ ಇನ್ನೂ 4 ಲೀಟರ್ ನೀರಿರುತ್ತದೆ. ಅದನ್ನು ಆರಿಸಲು ಸುಮಾರು ಎರಡೂವರೆ ಯೂನಿಟ್ ಶಾಖ ಬೇಕು, 200 ಗ್ರಾಂ ಎಣ್ಣೆಯಲ್ಲಿರುವುದು ಎರಡೇ ಯೂನಿಟ್! ಬಿಸಿಲಲ್ಲಿ ಒಣಗಿಸಿದರೂ ಹೊಂಡದ ನೀರು ಕಲಕಲು ಹಗಲೆಲ್ಲ ತಿರುಗುವ ಚಕ್ರದ ಕರೆಂಟು ತಪ್ಪುವುದಿಲ್ಲ. ಸಾರಜನಕ ಕಡಿಮೆ ಮಾಡಿದರೆ ಎಣ್ಣೆ ಏರುತ್ತದೆ ನಿಜ, ಆದರೆ ಬೆಳವಣಿಗೆಯೇ ನಿಂತುಬಿಡುತ್ತದೆ. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಇದೇ ಕೆಲಸ ನಡೆಸಿ, ಖರ್ಚು ಹೊಂದದೆ ಕೈಬಿಟ್ಟಿತು.

ಅದೇ ಹೊಂಡದಲ್ಲಿ ತಿನ್ನಲು ಬಳಸುವ ಸ್ಪಿರುಲಿನಾ ಪಾಚಿ ಬೆಳೆಯಿರಿ. ಎಣ್ಣೆ ಕಡಿಮೆ, ಪ್ರೋಟೀನ್ ಶೇ. 60ರ ಆಸುಪಾಸು, ಎಳೆಯಂತಿರುವುದರಿಂದ ಬಟ್ಟೆಯಲ್ಲೇ ನಿಲ್ಲುತ್ತದೆ. ಮೊದಲು ನೀರು ನೋಡಿ. ಒಂದು ಲೀಟರಿಗೆ ಚಮಚ ವಾಷಿಂಗ್ ಸೋಡಾ ಕಲಸಿ ರಾತ್ರಿಯಿಡೀ ಬಿಡಿ. ತಳದಲ್ಲಿ ಬಿಳಿ ಗಷ್ಟು ಕೂತರೆ ಸುಣ್ಣದಂಶ ಹೆಚ್ಚು. ಹಾಗೆಯೇ ಬಳಸಿದರೆ ನೀವು ಹಾಕಿದ ರಂಜಕವೂ ಆ ಗಷ್ಟಿನ ಜೊತೆ ತಳ ಸೇರುತ್ತದೆ. ದೊಡ್ಡ ತೊಟ್ಟಿಯಲ್ಲಿ ಹೀಗೆ ತಿಳಿಗೊಳಿಸಿದ ಮೇಲಿನ ನೀರು, ಇಲ್ಲವೇ ಮಾಳಿಗೆಯ ಮಳೆನೀರು ಬಳಸಿ. ಸಾವಿರ ಲೀಟರಿಗೆ ಅಡಿಗೆ ಸೋಡಾ 16.8 ಕಿಲೋ, ಸೋಡಿಯಂ ನೈಟ್ರೇಟ್ 2.5 ಕಿಲೋ, ಪೊಟ್ಯಾಸಿಯಂ ಸಲ್ಫೇಟ್ ಮತ್ತು ಉಪ್ಪು ತಲಾ 1 ಕಿಲೋ, ಡೈಪೊಟ್ಯಾಸಿಯಂ ಫಾಸ್ಫೇಟ್ 500 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 200 ಗ್ರಾಂ; 80 ಗ್ರಾಂ ಇಡಿಟಿಎ (ಕಬ್ಬಿಣ ತಳ ಸೇರದಂತೆ ಹಿಡಿದಿಡುವ ರಾಸಾಯನಿಕ) ಜೊತೆ ಕರಗಿಸಿದ ಫೆರಸ್ ಸಲ್ಫೇಟ್ 10 ಗ್ರಾಂ. ತಿನ್ನಲು ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಇಲ್ಲವೇ ಪರವಾನಗಿ ಬೇಕು.

ಪ್ರಶ್ನೆ: ಸ್ಪಿರುಲಿನಾ ಹಳದಿಗಟ್ಟಿ ಗಂಟುಗಂಟಾಗಿ ತೇಲುತ್ತಿದೆ. ಯೂರಿಯಾ ಹಾಕಲೇ? — ಓದುಗರು, ರಾಣೆಬೆನ್ನೂರು

ಉತ್ತರ: ಈಗಲೇ ಬೇಡ. ಹೊಂಡದ ಪಿಎಚ್ 10ರ ಹತ್ತಿರ ಇರುತ್ತದೆ. ಅಲ್ಲಿ ಯೂರಿಯಾ ಅಮೋನಿಯಾ ಆಗಿ ಇದ್ದ ಪಾಚಿಯನ್ನೂ ಕೊಲ್ಲಬಹುದು. ಕೋಲಿನ ತುದಿಗೆ ಬಿಳಿ ತಟ್ಟೆ ಕಟ್ಟಿ ಇಳಿಸಿ. 5 ಸೆಂ.ಮೀ. ಆಳದಲ್ಲೂ ಕಂಡರೆ ಪಾಚಿ ತೆಳು, ಬಿಸಿಲು ಹೆಚ್ಚಾಗಿ ಬಣ್ಣ ಸುಟ್ಟಿದೆ. ಶೇ. 50ರ ನೆರಳುಪರದೆ ಕಟ್ಟಿ, ಕಲಕುವುದನ್ನು ಹೆಚ್ಚಿಸಿ. 2–3 ಸೆಂ.ಮೀ.ಗೇ ತಟ್ಟೆ ಮರೆಯಾದರೆ ಬಿಸಿಲಿನ ದೋಷವಲ್ಲ, ಸಾರಜನಕ ತೀರಿದೆ: ನೈಟ್ರೇಟ್ ಹಾಕಿ. ಆಗ ಕೊಯ್ಲಿಗೂ ತಡಮಾಡಬೇಡಿ. ಸೋಸಿದ ನೀರು ಬಟ್ಟೆಯ ಕೆಳಗೂ ಹುಲ್ಲುಹಸಿರಾಗಿ ಇಳಿದರೆ ಬೇರೆ ಪಾಚಿ ಸೇರಿಕೊಂಡಿದೆ. ಬಟ್ಟೆಯ ಮೇಲೆ ಉಳಿದದ್ದನ್ನು ತೊಳೆದು ಹೊಸ ದ್ರಾವಣದಲ್ಲಿ ಬೆಳೆಸಿ.

ಪ್ರಶ್ನೆ: ಎರೆಭೂಮಿಯಲ್ಲಿ ಸಿಮೆಂಟ್ ತೊಟ್ಟಿ ಕಟ್ಟಬಹುದೇ? — ಓದುಗರು, ನವಲಗುಂದ

ಉತ್ತರ: ಕಟ್ಟಬೇಡಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ತೊಟ್ಟಿಯೂ ಅದರೊಂದಿಗೆ ಬಿರಿಯುತ್ತದೆ. ಎರಡಡಿ ಮಣ್ಣು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿ, ಮೇಲೆ 500 ಮೈಕ್ರಾನ್ ಎಚ್‌ಡಿಪಿಇ ಹಾಳೆ ಹಾಸಿ. ಮಳೆಗಾಲಕ್ಕೆ ಮೇಲೊಂದು ಪಾರದರ್ಶಕ ಹಾಳೆಯ ಚಪ್ಪರ ಇರಲಿ. ಒಂದು ಜೋರು ಮಳೆ ಸೋಡಾವನ್ನು ತೆಳುವಾಗಿಸಿದರೆ ಬೇರೆ ಪಾಚಿಗೆ ದಾರಿಯಾಗುತ್ತದೆ.